ಪಾದ ಮಾತು ಬಿಟ್ಟಾಗ

ಅಂಗಾಲು ಉರಿಯ ಬಗ್ಗೆ ಹಿಂದೊಮ್ಮೆ ಈ ಅಂಕಣದಲ್ಲಿ ನಾಲ್ಕು ಸಾಲು ಬರೆದಿದ್ದೆ. ಆಮೇಲೆ ಬಂದ ಕಾಗದಗಳಲ್ಲಿ ಹೆಚ್ಚಿನವು ಕೆಜಿಎಫ್ ಮತ್ತು ಬಂಗಾರಪೇಟೆಯವು. ಎಲ್ಲವೂ ನರಗಳ ಬೇನೆಯ ಕಾಗದಗಳೇ, ಡಾಕ್ಟರರ ಚೀಟಿಯಲ್ಲಿ ನ್ಯೂರೋಪತಿ ಎಂದು ಬರೆದಿರುತ್ತದಲ್ಲ, ಅದು. ಆದರೆ ಯಾರೂ ಬರೀ ಮಾತ್ರೆಯ ಹೆಸರು ಕೇಳಿ ಸುಮ್ಮನಾಗಿಲ್ಲ. ಚರ್ಚು, ಗುಡಿ, ಮಸೀದಿ, ಸಂಘ, ಪಕ್ಕದ ಮನೆ ಎಲ್ಲವನ್ನೂ ಕಾಗದದೊಳಗೆ ತಂದಿದ್ದಾರೆ. ಆರು ಕಾಗದಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ.

ಡಾಕ್ಟರಮ್ಮನವರಿಗೆ ನಮಸ್ಕಾರ. ನನಗೆ 69 ವರ್ಷ. ಚಾಂಪಿಯನ್ ರೀಫ್ ಗಣಿಯಲ್ಲಿ 22 ವರ್ಷ ಡ್ರಿಲ್ ಮೆಷಿನ್ ಹಿಡಿದೆ. 2001ರಲ್ಲಿ ಗಣಿ ಮುಚ್ಚಿದಾಗ ಹೊರಗೆ ಬಂದೆ. ಶುಗರ್ ಬಂದು 14 ವರ್ಷ. ನಡುವೆ ಟಿ.ಬಿ. ಆಗಿ ವಾಸಿಯಾಯಿತು. ಈಗ ಎರಡು ವರ್ಷದಿಂದ ರಾತ್ರಿ ಮಲಗಿದರೆ ಪಾದದ ಮೇಲೆ ಕೆಂಡ ಸುರಿದ ಹಾಗಾಗುತ್ತದೆ. ಹಗಲು ಚಪ್ಪಲಿ ಜಾರಿಹೋದರೂ ಗೊತ್ತಾಗುವುದಿಲ್ಲ. ಬೆರಳುಗಳೂ ಜೋಮು. ಗಣಿಯ ತ್ಯಾಜ್ಯದ ಸೈನೈಡ್ ದಿಬ್ಬದ ಧೂಳೇ ಕಾರಣ ಅಂತ ನಮ್ಮ ಲೈನ್‌ನಲ್ಲಿ ಹೇಳುತ್ತಾರೆ. ಚರ್ಚಿನಲ್ಲಿ ಮೊಣಕಾಲೂರಿ ಎದ್ದಾಗ ಕಣ್ಣು ಕತ್ತಲೆ ಬಂದು ಒಮ್ಮೆ ಬಿದ್ದುಬಿಟ್ಟೆ. ನಾಚಿಕೆಯಾಗಿ ಪೂಜೆಗೆ ಹೋಗುವುದನ್ನೇ ಬಿಟ್ಟೆ. ಮಾಡಿದ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯೇ ಇದು? — ಚಾಂಪಿಯನ್ ರೀಫ್ಸ್, ಕೆಜಿಎಫ್

ಅಣ್ಣ, ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಮೊದಲು ಪಾದದ ವಿಚಾರ ಹೇಳಿ, ಕೊನೆಯ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ದೇಹದಲ್ಲಿ ಎಲ್ಲಕ್ಕಿಂತ ಉದ್ದದ ನರ ಸೊಂಟದಿಂದ ಹೊರಟು ಕಾಲ್ಬೆರಳಿನ ತುದಿ ಮುಟ್ಟುತ್ತದೆ. ಹೆಚ್ಚುಕಡಿಮೆ ಒಂದು ಮೀಟರ್. ಕೂದಲಿಗಿಂತ ಸಣ್ಣ ಎಳೆಗಳು ಅಷ್ಟು ದೂರ ಹೋಗಿ ಬದುಕಬೇಕು. ನೀವು ಗಣಿಯವರು, ನಿಮಗೆ ಇದನ್ನು ಬೇರೆಯವರಿಗಿಂತ ಸುಲಭವಾಗಿ ಹೇಳಬಹುದು. ಚಾಂಪಿಯನ್ ರೀಫ್‌ನ ತಳ ಮೂರು ಕಿಲೋಮೀಟರಿಗಿಂತ ಆಳ. ಮೇಲಿನಿಂದ ಗಾಳಿಯನ್ನು ತಣ್ಣಗೆ ಮಾಡಿ ಇಳಿಸಬೇಕಿತ್ತು. ಮೇಲೆ ಒಂದಿಷ್ಟು ಏರುಪೇರಾದರೆ ಮೊದಲು ಉಸಿರು ಕಟ್ಟುತ್ತಿದ್ದುದು ತೀರಾ ಕೆಳಗಿದ್ದವರಿಗೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ನರಕ್ಕೆ ಅನ್ನ, ಗಾಳಿ ಒಯ್ಯುವ ಸಣ್ಣ ರಕ್ತನಾಳಗಳು ಹಾಳಾಗುತ್ತವೆ, ಮೊದಲ ಪೆಟ್ಟು ತುದಿಗೆ. ಅದಕ್ಕೇ ಈ ಬೇನೆ ಕಾಲ್ಬೆರಳಲ್ಲಿ ಹುಟ್ಟಿ ಕಾಲುಚೀಲದ ಆಕಾರದಲ್ಲಿ ಮೇಲೇರುತ್ತದೆ, ಕೈಗೆ ಬರುವುದು ತಡವಾಗಿ. ಬಹುಕಾಲದ ಸಕ್ಕರೆ ಕಾಯಿಲೆಯವರಲ್ಲಿ ಅರ್ಧದಷ್ಟು ಜನಕ್ಕೆ ಒಂದಲ್ಲ ಒಂದು ಮಟ್ಟದಲ್ಲಿ ಇದು ಬರುತ್ತದೆ.

ಹಗಲು ಸ್ಪರ್ಶವಿಲ್ಲ, ರಾತ್ರಿ ಉರಿ: ಇವೆರಡೂ ಒಂದೇ ಪಾದದಲ್ಲಿ ಹೇಗಿರುತ್ತವೆ ಎಂದು ಬಹಳ ಜನ ಕೇಳುತ್ತಾರೆ. ಸತ್ತ ಎಳೆ ಸುದ್ದಿ ಕಳಿಸುವುದಿಲ್ಲ. ಅರೆಜೀವದ ಎಳೆ ಸುಳ್ಳು ಸುದ್ದಿ ಕಳಿಸುತ್ತದೆ. ರಾತ್ರಿ ಮನೆ ನಿಶ್ಶಬ್ದವಾದಾಗ ಮಿದುಳಿಗೆ ಆ ಸುಳ್ಳೇ ಜೋರಾಗಿ ಕೇಳುತ್ತದೆ. ನೀವು ಹೇಳುವ ಕೆಂಡ ನಿಮ್ಮ ಕಲ್ಪನೆಯಲ್ಲ. ಮನೆಯವರಿಗೂ ಇದನ್ನು ಓದಿ ಹೇಳಿ.

ನಿಮ್ಮ ವಿಚಾರದಲ್ಲಿ ಸಕ್ಕರೆಯ ಜೊತೆಗೆ ಇನ್ನೂ ಮೂರನ್ನು ನೋಡಬೇಕು. ಒಂದು, ಆ ಡ್ರಿಲ್ ಮೆಷಿನ್. ವರ್ಷಗಟ್ಟಲೆ ಅದರ ನಡುಕ ಹಿಡಿದ ಕೈಯ ಸಣ್ಣ ನರ, ರಕ್ತನಾಳಗಳು ಸವೆಯುತ್ತವೆ. ಚಳಿಗಾಲದ ಬೆಳಗ್ಗೆ ಬೆರಳ ತುದಿ ಬೆಳ್ಳಗಾಗಿ ಮರಗಟ್ಟುತ್ತದೆಯೇ ಗಮನಿಸಿ. ಹಾಗಾದರೆ ಕೈಯ ಜೋಮಿಗೆ ಮೆಷಿನ್ನಿನ ಪಾಲೂ ಇದೆ. ಎರಡು, ಟಿ.ಬಿ. ಮಾತ್ರೆ. ಅದರಲ್ಲಿರುವ ಐಸೋನಿಯಾಜಿಡ್ ದೇಹದ ಬಿ6 ವಿಟಮಿನ್ನನ್ನು ಖಾಲಿ ಮಾಡಿ ನರಕ್ಕೆ ಹಾನಿ ಮಾಡಬಲ್ಲದು. ಅದಕ್ಕೇ ಜೊತೆಯಲ್ಲಿ ಪಿರಿಡಾಕ್ಸಿನ್ ಎಂಬ ಬಿ6 ಮಾತ್ರೆ ಕೊಡುತ್ತಾರೆ. ಅದನ್ನು ತೆಗೆದುಕೊಂಡಿದ್ದಿರಾ ಎಂದು ನೆನಪು ಮಾಡಿಕೊಂಡು ಡಾಕ್ಟರಿಗೆ ಹೇಳಿ. ನಿಮ್ಮ ಊರಿನಲ್ಲಿ ಇದು ಸಣ್ಣ ಮಾತಲ್ಲ. ಕಲ್ಲು ಕೊರೆದ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಆಗುತ್ತದೆ, ಸಿಲಿಕೋಸಿಸ್ ಇದ್ದವರಿಗೆ ಟಿ.ಬಿ. ಸುಲಭವಾಗಿ ಅಂಟುತ್ತದೆ, ಟಿ.ಬಿ. ಔಷಧ ನರವನ್ನು ಮುಟ್ಟುತ್ತದೆ. ಕೋಲಾರದ ಚಿನ್ನದ ಗಣಿ ಕಾರ್ಮಿಕರಲ್ಲಿ ಸಿಲಿಕೋಸಿಸ್ ಎಷ್ಟಿದೆ ಎಂದು 1940ರ ದಶಕದಲ್ಲೇ ವೈದ್ಯರು ಪರೀಕ್ಷಿಸಿ ದಾಖಲಿಸಿದ್ದರು. ಕ್ಷಯ ಬಂದಿತ್ತು ಎನ್ನುವ ಹಳೆಯ ಗಣಿ ಕಾರ್ಮಿಕರ ಪಾದವನ್ನೂ ನೋಡಬೇಕು ಎಂದು ನಾನು ಕಿರಿಯ ವೈದ್ಯರಿಗೆ ಯಾವಾಗಲೂ ಹೇಳುತ್ತೇನೆ. ಮೂರು, ಶುಗರಿಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಬಿ12 ಪ್ರಮಾಣ. ಆ ಮಾತ್ರೆ ಬಹುಕಾಲ ತಿಂದವರಲ್ಲಿ ಬಿ12 ಇಳಿಯುತ್ತದೆ, ಇಳಿದರೆ ಇದೇ ಜೋಮು. ಇದೊಂದು ಕಾರಣವನ್ನು ಪೂರ್ತಿ ಸರಿಪಡಿಸಬಹುದು, ಆದ್ದರಿಂದ ಬಿಡಬೇಡಿ.

ಸೈನೈಡ್ ದಿಬ್ಬದ ಧೂಳಿನಲ್ಲಿ ನನ್ನ ಚಿಂತೆ ಎದೆಯ ಬಗ್ಗೆ. ಗಾಳಿ ಎದ್ದ ದಿನ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಆದರೆ ಪಾದದ ಬೇನೆಯನ್ನು ದಿಬ್ಬದ ಮೇಲೆ ಹಾಕಿ ಕೂತರೆ ಸಕ್ಕರೆ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತದೆ.

ಏನು ಮಾಡಿಸಬೇಕು? ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ, ಬಿ12, ಥೈರಾಯ್ಡ್, ಕಿಡ್ನಿ ಪರೀಕ್ಷೆ. 10 ಗ್ರಾಂ ಒತ್ತಡದ ನೈಲಾನ್ ಎಳೆಯಿಂದ ಪಾದ ಮುಟ್ಟಿ ನೋಡುವುದು, ಶ್ರುತಿಕವಲಿನಿಂದ ಕಂಪನ ನೋಡುವುದು. ಎರಡೂ ಸೇರಿ ಐದು ನಿಮಿಷದ ಕೆಲಸ. ಚರ್ಮದ ಮೇಲೆ ಸ್ಪರ್ಶವಿಲ್ಲದ ತಿಳಿಬಣ್ಣದ ಮಚ್ಚೆ ಇದೆಯೇ ಎಂದೂ ನೋಡಲಿ, ಕುಷ್ಠ ಇನ್ನೂ ಪೂರ್ತಿ ಹೋಗಿಲ್ಲ, ಬೇಗ ಹಿಡಿದರೆ ಉಚಿತ ಮಾತ್ರೆಯಲ್ಲೇ ವಾಸಿಯಾಗುತ್ತದೆ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ ನಿಮಗೆ ಹತ್ತಿರ. ಕಾರಣ ಬಗೆಹರಿಯದಿದ್ದರೆ ಬೆಂಗಳೂರಿನ ನಿಮ್ಹಾನ್ಸ್. ಉರಿಗೆ ಪ್ರಿಗಾಬಲಿನ್, ಡುಲಾಕ್ಸೆಟಿನ್, ಅಮಿಟ್ರಿಪ್ಟಿಲಿನ್ ಎಂಬ ಔಷಧಗಳಿವೆ. ಜನೌಷಧಿ ಅಂಗಡಿಯಲ್ಲಿ ವಿಚಾರಿಸಿದರೆ ಕಡಿಮೆ ಬೆಲೆಗೆ ಸಿಗಬಹುದು. ನಿಮ್ಮ ವಯಸ್ಸಿಗೆ ಸಣ್ಣ ಪ್ರಮಾಣದಲ್ಲಿ ಶುರುಮಾಡಬೇಕು. ಮೂತ್ರ ಕಟ್ಟಿಕೊಳ್ಳುವ ತೊಂದರೆ, ಹೃದಯದ ತೊಂದರೆ ಇದ್ದರೆ ಅಮಿಟ್ರಿಪ್ಟಿಲಿನ್ ಒಗ್ಗುವುದಿಲ್ಲ, ಮೊದಲೇ ಹೇಳಿ. ಉರಿ ಅರ್ಧ ಇಳಿದು ನಿದ್ದೆ ಬಂದರೆ ಅದನ್ನು ಗೆಲುವೆಂದೇ ತಿಳಿಯಿರಿ. ಸಕ್ಕರೆಯನ್ನು ಒಂದೇ ಸಲ ಕೆಳಗೆ ಎಳೆಯಬೇಡಿ. ತೀರಾ ಬೇಗ ಇಳಿಸಿದರೆ ಕೆಲವರಿಗೆ ಉರಿ ತಿಂಗಳುಗಟ್ಟಲೆ ಹೆಚ್ಚಾಗುತ್ತದೆ.

ಇನ್ನು ಚರ್ಚಿನಲ್ಲಿ ಬಿದ್ದದ್ದು. ಎದ್ದು ನಿಂತಾಗ ರಕ್ತದೊತ್ತಡ ಹಿಡಿದು ನಿಲ್ಲಿಸುವುದೂ ನರಗಳ ಕೆಲಸವೇ. ಮಲಗಿದಾಗ ಒಮ್ಮೆ, ಎದ್ದು ನಿಂತು ಮೂರು ನಿಮಿಷದೊಳಗೆ ಒಮ್ಮೆ ಬಿ.ಪಿ. ನೋಡಿಸಿ. ಮೇಲಿನ ಅಂಕೆ 20 ಇಳಿದರೆ ಬಿದ್ದದ್ದಕ್ಕೆ ಕಾರಣ ಸಿಕ್ಕಿತು. ಇದರಲ್ಲಿ ನಾಚಿಕೆ ಪಡುವುದು ಏನೂ ಇಲ್ಲ. ಕೊನೆಯ ಬೆಂಚಿನ ತುದಿಯಲ್ಲಿ ಕೂತೇ ಪ್ರಾರ್ಥಿಸಿ. ಮೊಣಕಾಲೂರಲಾಗದವರು ಕೂತು ಪೂಜೆಯಲ್ಲಿ ಪಾಲ್ಗೊಳ್ಳುವುದು ಚರ್ಚಿಗೆ ಹೊಸದಲ್ಲ. ಬರಲೇ ಆಗದ ದಿನ ಪರಮಪ್ರಸಾದವನ್ನು ಮನೆಗೇ ತಂದುಕೊಡುತ್ತಾರೆ, ಫಾದರಿಗೆ ಹೇಳಿ ಕಳಿಸಿದರೆ ಸಾಕು.

ಶಿಕ್ಷೆಯ ಮಾತು ನನ್ನ ವಿದ್ಯೆಯ ಹೊರಗಿನದು. ಆದರೂ ನೀವು ಕೇಳಿದ್ದೀರಿ. ಯೋಹಾನರ ಶುಭಸಂದೇಶದ ಒಂಬತ್ತನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ತೋರಿಸಿ ಶಿಷ್ಯರು ಇದೇ ಪ್ರಶ್ನೆಯನ್ನು ಯೇಸುವಿಗೆ ಕೇಳುತ್ತಾರೆ: ಪಾಪ ಮಾಡಿದ್ದು ಇವನೋ, ಇವನ ಹೆತ್ತವರೋ ಎಂದು. ಇಬ್ಬರೂ ಅಲ್ಲ ಎನ್ನುವುದು ಅಲ್ಲಿನ ಉತ್ತರ. ನಿಮ್ಮ ಫಾದರ್ ಜೊತೆ ಕೂತು ಆ ಅಧ್ಯಾಯವನ್ನು ಪೂರ್ತಿ ಓದಿ. ನನಗೆ ಗೊತ್ತಿರುವುದು ಇಷ್ಟು: ನೀವು ಊರಿಗಾಗಿ ಕತ್ತಲೆಯಲ್ಲಿ ದುಡಿದಿರಿ, ಆ ದುಡಿಮೆ ಕೈಯಲ್ಲಿ, ಎದೆಯಲ್ಲಿ, ಕಾಲಲ್ಲಿ ಉಳಿದಿದೆ. ಅದಕ್ಕೆ ಪಾಪವೆಂಬ ಹೆಸರಿಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮೇಡಂ, ನನಗೆ 54. ಮಗಳಿಗೆ ಮದುವೆ ಕೂಡಿಬಂದರೆ ಬರಿಗಾಲಲ್ಲಿ ಕೋಟಿಲಿಂಗೇಶ್ವರಕ್ಕೆ ಬಂದು ಪ್ರದಕ್ಷಿಣೆ ಹಾಕುತ್ತೇನೆಂದು ಹರಕೆ ಹೊತ್ತಿದ್ದೆ. ಹೋದ ತಿಂಗಳು ತೀರಿಸಿದೆ. ಮನೆಗೆ ಬಂದು ಕಾಲು ತೊಳೆಯುವಾಗಲೇ ಹೆಬ್ಬೆರಳ ಕೆಳಗೆ ದೊಡ್ಡ ಬೊಕ್ಕೆ ನೋಡಿದ್ದು. ನೋವೇ ಇಲ್ಲ. ಅರಿಶಿನ ಹಚ್ಚುತ್ತಿದ್ದೇನೆ, ಮೂರು ವಾರವಾದರೂ ಮಾಯುತ್ತಿಲ್ಲ. ನೋವಿಲ್ಲದ್ದು ದೇವರ ದಯೆ ಎನ್ನುತ್ತಾರೆ ಅತ್ತೆ. ಮುಂದಿನ ತಿಂಗಳು ತಿರುಪತಿ ಬೆಟ್ಟ ಹತ್ತುವ ಹರಕೆಯೂ ಬಾಕಿ ಇದೆ. ಶುಗರ್ ಇದೆ. — ಬಂಗಾರಪೇಟೆ

ಅಮ್ಮ, ಈ ಉತ್ತರ ಓದಿ ಮುಗಿಸುವ ಮೊದಲೇ ಆಸ್ಪತ್ರೆಗೆ ಹೊರಡಿ. ಶುಗರ್ ಇರುವವರ ಅಂಗಾಲಿನಲ್ಲಿ ಮೂರು ವಾರದ ಗಾಯ ಎಂದರೆ ಅವಸರದ ಕೆಲಸ. ಗಾಯದ ಸುತ್ತ ಕೆಂಪು, ಬಾವು, ವಾಸನೆ, ಜ್ವರ ಇದ್ದರೆ ಇವತ್ತೇ. ಅಲ್ಲಿಯವರೆಗೆ ಆ ಕಾಲಿನ ಮೇಲೆ ಭಾರ ಹಾಕಬೇಡಿ. ಅರಿಶಿನ ನಿಲ್ಲಿಸಿ, ಶುದ್ಧ ಬಟ್ಟೆ ಕಟ್ಟಿ. ನೋವಿಲ್ಲ ಎಂದು ನಡೆದಾಡಿದ್ದರಿಂದಲೇ ಅದು ಮಾಯುತ್ತಿಲ್ಲ.

ಅತ್ತೆಯವರ ಮಾತನ್ನು ತಪ್ಪೆನ್ನಲು ನನಗೆ ಕಷ್ಟವಾಗುತ್ತದೆ, ಪ್ರೀತಿಯಿಂದ ಹೇಳಿದ್ದಾರೆ. ಆದರೆ ನೋವು ನಮ್ಮನ್ನು ಕಾಯುವ ನಾಯಿ. ಅದು ಬೊಗಳದಿದ್ದರೆ ಕಳ್ಳ ಬಂದಿಲ್ಲ ಎಂದಲ್ಲ. ಇದನ್ನು ಲೋಕಕ್ಕೆ ಸರಿಯಾಗಿ ತಿಳಿಸಿಕೊಟ್ಟ ವೈದ್ಯ ನಿಮ್ಮ ಊರಿನಿಂದ ಬಹಳ ದೂರದಲ್ಲಿ ಇರಲಿಲ್ಲ. ಡಾ. ಪಾಲ್ ಬ್ರಾಂಡ್ ಹುಟ್ಟಿದ್ದು 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ, ಮಿಷನರಿ ದಂಪತಿಯ ಮಗನಾಗಿ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಬೆರಳುಗಳು ರೋಗದಿಂದ ತಾವಾಗಿ ಉದುರುತ್ತವೆ ಎಂದು ಆಗ ಜನ ನಂಬಿದ್ದರು. ಬ್ರಾಂಡ್ ಕೂತು ಗಮನಿಸಿದರು. ಬೆರಳನ್ನು ತಿನ್ನುತ್ತಿದ್ದುದು ನೋವಿಲ್ಲದಿರುವುದು: ಬಿಸಿ ಪಾತ್ರೆ, ಮೊಳೆ ಎದ್ದ ಚಪ್ಪಲಿ, ಗೊತ್ತಾಗದೆ ಬೆಳೆದ ಗಾಯ. ಅಲ್ಲಿಂದ ಮೆತ್ತನೆಯ ರಬ್ಬರಿನ ಪಾದರಕ್ಷೆ, ದಿನವೂ ಪಾದ ನೋಡಿಕೊಳ್ಳುವ ಪಾಠ ಶುರುವಾಯಿತು. ಮುಂದೆ ಅವರು ಅಮೆರಿಕಕ್ಕೆ ಹೋದಾಗ ಅದೇ ಪಾಠವನ್ನು ಸಕ್ಕರೆ ಕಾಯಿಲೆಯವರ ಪಾದಕ್ಕೂ ಒಯ್ದರು. ನೋವನ್ನು ದೇವರ ಕೊಡುಗೆ ಎಂದು ಭಾವಿಸಿದ ಆಳವಾದ ಭಕ್ತ ಅವರು. ಇದನ್ನು ಅತ್ತೆಯವರಿಗೆ ಹೇಳಿ, ಒಪ್ಪಿಯಾರು.

ಆ ಮೆತ್ತನೆಯ ಪಾದರಕ್ಷೆ ಎಂಸಿಆರ್ ರಬ್ಬರಿನ ಚಪ್ಪಲಿ ಎಂದು ಕೇಳಿದರೆ ಇಂದಿಗೂ ಸಿಗುತ್ತದೆ. ಹಿಮ್ಮಡಿಗೆ ಪಟ್ಟಿ ಇರುವುದನ್ನೇ ಕೊಳ್ಳಿ. ಬೆರಳ ಸಂದಿಯಲ್ಲಿ ಸಿಕ್ಕಿಸುವ ಹವಾಯಿ ಬೇಡ. ಸಂಜೆ ಕೊಳ್ಳಿ, ಪಾದ ಆಗ ಸ್ವಲ್ಪ ಊದಿರುತ್ತದೆ.

ಈಗ ಹರಕೆ. ಕಮ್ಮಸಂದ್ರದ ಕೋಟಿಲಿಂಗೇಶ್ವರದ ಆವರಣ ನನಗೆ ಗೊತ್ತು. 108 ಅಡಿಯ ಲಿಂಗದ ಸುತ್ತ ಸಾಲುಸಾಲು ಲಿಂಗಗಳು, ಹಾಸಿದ ಕಲ್ಲು, ನೆತ್ತಿಯ ಮೇಲೆ ಬಯಲುಸೀಮೆಯ ಬಿಸಿಲು. ಮಧ್ಯಾಹ್ನ ಆರೋಗ್ಯವಂತರೂ ಓಡುತ್ತಾರೆ. ಅವರ ಪಾದ ಓಡು ಎನ್ನುತ್ತದೆ, ನಿಮ್ಮದು ಸುಮ್ಮನಿರುತ್ತದೆ. ಮುಂದೆ ಹೋಗುವುದಾದರೆ ಬೆಳಗಿನ ಹೊತ್ತು, ದಪ್ಪ ಹತ್ತಿಯ ಬಿಳಿ ಕಾಲುಚೀಲ ಹಾಕಿಕೊಂಡು ಹೋಗಿ. ಬಿಳಿ ಏಕೆಂದರೆ ರಕ್ತ, ಕೀವು ತಾಗಿದರೆ ಕಾಣುತ್ತದೆ. ಮೈಗೆ ಕಾಯಿಲೆ ಇದೆ ಎಂದು ಅರ್ಚಕರಿಗೆ ತಿಳಿಸಿದರೆ ಬೇಡ ಎನ್ನಲಾರರು ಎಂದು ನನ್ನ ನಂಬಿಕೆ. ತಿರುಪತಿ ಬೆಟ್ಟವನ್ನು ಈ ಗಾಯ ಹೊತ್ತು ಹತ್ತಲೇಬಾರದು. ಗಾಯ ಮಾಯ್ದು, ಡಾಕ್ಟರು ಪಾದದ ರಕ್ತ ಹರಿವು ನೋಡಿದ ಮೇಲೆ, ಬಸ್ಸಿನಲ್ಲಿ ಹೋಗಿ ದರ್ಶನ ಮಾಡಿ. ಹರಕೆಯ ರೂಪ ಬದಲಿಸಿಕೊಳ್ಳುವ ದಾರಿ ನಮ್ಮ ಹಿರಿಯರಲ್ಲಿ ಮೊದಲಿನಿಂದಲೂ ಇದೆ. ಮನೆಯ ಹಿರಿಯರು ದೇವರ ಮುಂದೆ ತಪ್ಪುಕಾಣಿಕೆ ಕಟ್ಟಿಟ್ಟು ಕೇಳಿಕೊಳ್ಳುತ್ತಾರೆ. ನಿಮ್ಮ ಅತ್ತೆಯೇ ಅದನ್ನು ಮಾಡಿಕೊಡಲಿ. ಕರಗ, ಜಾತ್ರೆಯ ಸಮಯದಲ್ಲಿ ಕೆಂಡ ತುಳಿಯುವ ಹರಕೆ ಹೊತ್ತವರೂ ಈ ಮಾತನ್ನು ತಮಗೆಂದೇ ಓದಿಕೊಳ್ಳಲಿ.

ಅಬ್ಬಾಜಾನ್‌ಗೆ 72. ಕಾಲು ಜೋಮು, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ರಂಜಾನ್‌ನಲ್ಲಿ ಒಂದು ರೋಜಾ ಕೂಡ ಬಿಡುವುದಿಲ್ಲ ಎನ್ನುತ್ತಾರೆ. — ಬಂಗಾರಪೇಟೆ

ಹಳೆಯ ನರಹಾನಿ ಇರುವವರಲ್ಲಿ ಸಕ್ಕರೆ ಕುಸಿದರೂ ಬೆವರು, ಎದೆಬಡಿತದಂಥ ಮುನ್ಸೂಚನೆ ಬಾರದೆ ಹೋಗಬಹುದು. ಹೃದಯಾಘಾತ ಕೂಡ ಎದೆನೋವಿಲ್ಲದೆ, ಬರೀ ಸುಸ್ತು, ಉಬ್ಬಸವಾಗಿ ಬರಬಹುದು. ಇದರಿಂದ ಇನ್ಸುಲಿನ್ ಮೇಲಿರುವ ಹಿರಿಯರ ಉಪವಾಸ ನನಗೆ ಭಯ ಹುಟ್ಟಿಸುತ್ತದೆ. ರಂಜಾನಿಗೆ ಎರಡು ತಿಂಗಳ ಮೊದಲೇ ಡಾಕ್ಟರನ್ನು ಕಾಣಿ. ಕಾಯಿಲೆಯವರಿಗೆ ರೋಜಾದಿಂದ ವಿನಾಯಿತಿ ಇದೆ, ಗುಣವಾಗದ ಕಾಯಿಲೆಯಾದರೆ ಬಡವರಿಗೆ ಊಟ ಕೊಡುವ ಫಿದ್ಯಾ ಇದೆ ಎಂಬುದು ಅಬ್ಬಾಜಾನ್‌ಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಮಗ ಹೇಳಿದರೆ ಒಪ್ಪದವರು ಇಮಾಮ್ ಸಾಹೇಬರು ಮನೆಗೆ ಬಂದು ಹೇಳಿದರೆ ಒಪ್ಪುತ್ತಾರೆ. ಅವರನ್ನು ಕರೆಯಿರಿ. ನಮಾಜಿಗೆ ಮೊದಲು ವುಜೂ ಮಾಡುವಾಗ ಬಿಸಿನೀರಿಗೆ ಮೊದಲು ನೀವು ಮೊಣಕೈ ಅದ್ದಿ ನೋಡಿ. ಕಾಲ್ಬೆರಳ ಸಂದಿಯನ್ನು ಒಣಬಟ್ಟೆಯಿಂದ ಒರೆಸಿಕೊಡಿ. ದಿನಕ್ಕೆ ಐದು ಸಲ ಪಾದ ತೊಳೆಯುವವರಿಗೆ ಪಾದ ನೋಡಿಕೊಳ್ಳಲು ದಿನಕ್ಕೆ ಐದು ಅವಕಾಶ. ಒಂದು ಸಲ ಕನ್ನಡಕ ಹಾಕಿಕೊಂಡು ನೋಡಲಿ.

ಒಂದು ಪ್ರಾರ್ಥನಾ ಕೂಟದಲ್ಲಿ ನನಗಾಗಿ ಪ್ರಾರ್ಥಿಸಿ, ನಂಬಿಕೆ ಇದ್ದರೆ ಮಾತ್ರೆ ಬಿಡು ಎಂದರು. ಬಿಟ್ಟೆ. ಹತ್ತು ದಿನ ಚೆನ್ನಾಗಿತ್ತು, ಈಗ ಉರಿ ಎರಡು ಪಟ್ಟು. ನನ್ನ ನಂಬಿಕೆ ಕಡಿಮೆಯಾಯಿತೇ? ನರದೌರ್ಬಲ್ಯಕ್ಕೆ ಬಸ್‌ಸ್ಟ್ಯಾಂಡ್ ಗೋಡೆಯ ಮೇಲೆ ಬರೆದಿರುವ ಔಷಧ ತೆಗೆದುಕೊಳ್ಳಲೇ? — ರಾಬರ್ಟ್‌ಸನ್‌ಪೇಟೆ

ಇಲ್ಲ, ನಿಮ್ಮ ನಂಬಿಕೆ ಕಡಿಮೆಯಾಗಿಲ್ಲ. ಮಾತ್ರೆ ಬಿಟ್ಟದ್ದಕ್ಕೆ ಉರಿ ಬಂತು. ಶುಗರ್ ಮಾತ್ರೆಯನ್ನೂ ಬಿಟ್ಟಿದ್ದರೆ ನಾಳೆಯೇ ರಕ್ತಪರೀಕ್ಷೆ ಮಾಡಿಸಿ ಮತ್ತೆ ಶುರುಮಾಡಿ. ಪ್ರಾರ್ಥನೆಗೆ ಹೋಗಿ. ಜನ ನಿಮ್ಮ ತಲೆಯ ಮೇಲೆ ಕೈಯಿಟ್ಟು, ನಿಮ್ಮ ಹೆಸರು ಹಿಡಿದು ಬೇಡಿಕೊಂಡಾಗ ಮನಸ್ಸು ಹಗುರಾಗುತ್ತದೆ, ಭಯ ಇಳಿದಾಗ ನೋವೂ ಇಳಿದಂತೆ ಆಗುತ್ತದೆ. ಆ ಹತ್ತು ದಿನ ಸುಳ್ಳಲ್ಲ. ಆದರೆ ಔಷಧ ಬಿಡು ಎಂದವರು ನಿಮ್ಮ ಕಾಲನ್ನು ಪಣಕ್ಕಿಟ್ಟರು. ಹಾಗೆ ಹೇಳುವ ಹಕ್ಕು ಯಾವ ಧರ್ಮದ ಯಾರಿಗೂ ಇಲ್ಲ. ಇದನ್ನು ನಾನು ಮೆದುವಾಗಿ ಹೇಳಲಾರೆ.

ನರದೌರ್ಬಲ್ಯ ಎಂದು ಗೋಡೆಯ ಮೇಲೆ ಬರೆಯುವವರು ಮಾರುವುದು ಭಯವನ್ನು. ನಿಮ್ಮದು ನರಹಾನಿ, ಅದಕ್ಕೂ ಆ ಗೋಡೆಗೂ ಸಂಬಂಧವಿಲ್ಲ. ಕಂಪನಿ ಹೆಸರಿಲ್ಲದ ಪುಡಿಗಳಲ್ಲಿ ಸೀಸ, ಪಾದರಸ ಬೆರೆತಿದ್ದರೆ ಅವೇ ನರ ಕೊಲ್ಲುತ್ತವೆ. ಅಂಗಡಿಯಿಂದ ವರ್ಷಗಟ್ಟಲೆ ತಂದು ನುಂಗುವ 'ನರದ ಮಾತ್ರೆ'ಗೂ ಇದೇ ಎಚ್ಚರಿಕೆ: ಬಿ6 ಕಡಿಮೆಯಾದರೂ ಜೋಮು, ಅತಿಯಾದರೂ ಜೋಮು.

ನಾನು ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಬರುವುದು ರಾತ್ರಿ. ಅಮ್ಮ ಒಬ್ಬರೇ ಮನೆಯಲ್ಲಿ. ಎರಡೂ ಕಾಲಿಗೆ ಸ್ಪರ್ಶವಿಲ್ಲ, ಕಣ್ಣೂ ಮಂಜು. ಹೋದ ಚಳಿಗಾಲದಲ್ಲಿ ಇಟ್ಟಿಗೆ ಬಿಸಿಮಾಡಿ ಕಾಲು ಕಾಸಿಕೊಂಡು ಸುಟ್ಟುಕೊಂಡರು. ಕೆಲಸ ಬಿಡಲಾರೆ. ಅಮ್ಮನ ಮೇಲೆ ರೇಗುತ್ತೇನೆ, ಆಮೇಲೆ ರೈಲಿನಲ್ಲಿ ಕೂತು ಅಳುತ್ತೇನೆ. — ಆಂಡರ್ಸನ್‌ಪೇಟೆ

ತಂಗಿ, ಆ ರೈಲನ್ನು ನಾನು ನೋಡಿದ್ದೇನೆ. ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂನಿಂದ ಹೊರಟು, ಬಂಗಾರಪೇಟೆಗೆ ಬರುವಷ್ಟರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಗಣಿ ಮುಚ್ಚಿದ ಮೇಲೆ ಎಷ್ಟೋ ಮನೆಗಳ ಅನ್ನ ಆ ರೈಲಿನಲ್ಲೇ ಹೋಗಿಬರುತ್ತಿದೆ. ನಿಮ್ಮಂತೆ ಮನೆಯಲ್ಲೊಬ್ಬ ಕಾಯಿಲೆಯವರನ್ನು ಬಿಟ್ಟು ಬಂದ ಹೆಣ್ಣುಮಕ್ಕಳು ನಿಮ್ಮ ಡಬ್ಬಿಯಲ್ಲೇ ಹತ್ತು ಮಂದಿಯಾದರೂ ಇರುತ್ತಾರೆ. ಪಕ್ಕದವಳನ್ನು ಮಾತಾಡಿಸಿ. ನಿಮ್ಮ ಮೊದಲ ಆಸರೆ ಅಲ್ಲಿಯೇ ಸಿಕ್ಕೀತು.

ರೇಗಿದ್ದಕ್ಕೆ ನಿಮ್ಮನ್ನು ನೀವು ಬಹಳ ಹಳಿದುಕೊಳ್ಳಬೇಡಿ. ದಣಿದವರು ರೇಗುತ್ತಾರೆ. ರಾತ್ರಿ ಬಂದು ಅಮ್ಮನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಎರಡು ನಿಮಿಷ ನೋಡಿ. ಅಂಗಾಲು, ಹಿಮ್ಮಡಿ, ಬೆರಳ ಸಂದಿ. ಬಿಸಿಯಾದ ಜಾಗ, ಆಣಿ, ಬಿರುಕು, ಬಣ್ಣ ಬದಲಾದ ಉಗುರು ಇದೆಯೇ ನೋಡಿ. ಒಂದು ಪಾದ ಮಾತ್ರ ಊದಿ, ಬೆಚ್ಚಗೆ, ಕೆಂಪಾಗಿದ್ದರೆ ನೋವಿಲ್ಲದಿದ್ದರೂ ಮಾರನೇ ದಿನವೇ ರಜೆ ಹಾಕಿ ಆಸ್ಪತ್ರೆಗೆ ಹೋಗಿ. ಒಳಗೆ ಮೂಳೆ ಕುಸಿಯುತ್ತಿರಬಹುದು. ಎಣ್ಣೆ ಹಚ್ಚಬಹುದು, ಬೆರಳ ಸಂದಿಗೆ ಬೇಡ. ಇಟ್ಟಿಗೆ, ಬಿಸಿನೀರಿನ ಚೀಲ, ಕಾವಲಿಯ ಮೇಲೆ ಕಾಸಿದ ಬಟ್ಟೆ ಮನೆಯಿಂದಲೇ ಹೋಗಲಿ. ಚಳಿಗೆ ಉಣ್ಣೆಯ ಕಾಲುಚೀಲ ಸಾಕು. ಕಣ್ಣಿನ ಮಂಜಿಗೂ ಸಕ್ಕರೆಯೇ ಕಾರಣವಿರಬಹುದು, ರೆಟಿನಾ ಪರೀಕ್ಷೆ ಮಾಡಿಸಿ.

ಹಗಲಿನ ವಿಚಾರಕ್ಕೆ ಬರುತ್ತೇನೆ. ಗಣಿಯ ಕಾಲದಲ್ಲಿ ನೆಲದಡಿ ಬಂಡೆ ಸಿಡಿದರೆ ಮೇಲಿನ ಮನೆಗಳ ಪಾತ್ರೆ ಅಲುಗುತ್ತಿತ್ತು. ಯಾರ ಮನೆಯವರು ಯಾವ ಪಾಳಿಯಲ್ಲಿ ಇಳಿದಿದ್ದಾರೆ ಎಂದು ಇಡೀ ಲೈನ್‌ಗೆ ಗೊತ್ತಿರುತ್ತಿತ್ತು. ಒಂದೇ ಗೋಡೆ ಹಂಚಿಕೊಂಡ ಸಾಲುಮನೆಗಳಲ್ಲಿ ಬೆಳೆದ ನಿಮ್ಮ ಅಮ್ಮನ ತಲೆಮಾರಿಗೆ ಪಕ್ಕದವರನ್ನು ಕಾಯುವುದು ಕಲಿಸಬೇಕಾದ ವಿದ್ಯೆಯಲ್ಲ. ಅವರನ್ನು ಕೇಳಬೇಕು, ಅಷ್ಟೆ. ನಾವು ಕೇಳುವುದಿಲ್ಲ, ಸಂಕೋಚ.

ಹೀಗೆ ಮಾಡಿ ನೋಡಿ. ನಿಮ್ಮ ಬೀದಿಯಲ್ಲಿ ಶುಗರ್ ಇರುವ ಹೆಂಗಸರು ನಾಲ್ಕಾರು ಮಂದಿ ಇದ್ದೇ ಇರುತ್ತಾರೆ. ವಾರಕ್ಕೊಂದು ಮಧ್ಯಾಹ್ನ ಯಾರದೋ ಜಗಲಿಯಲ್ಲಿ ಸೇರಲಿ. ಭಜನೆ, ಜಪಮಾಲೆ, ಸ್ತ್ರೀಶಕ್ತಿ ಸಂಘದ ಲೆಕ್ಕ, ಮೊದಲೇ ಸೇರುವ ನೆಪ ಯಾವುದಿದೆಯೋ ಅದರ ಜೊತೆಗೇ ಆಗಲಿ, ಹೊಸ ಸಭೆ ಕಟ್ಟುವ ಗೋಜು ಬೇಡ. ಒಬ್ಬರ ಪಾದ ಇನ್ನೊಬ್ಬರು ನೋಡಲಿ. ಕಾಣದ ಅಂಗಾಲಿಗೆ ಒಂದು ಕೈಗನ್ನಡಿ. ಚಪ್ಪಲಿಯೊಳಗೆ ಕೈಹಾಕಿ ಕಲ್ಲು, ಮೊಳೆ ಇದೆಯೇ ನೋಡುವುದು. ಆಶಾ ಕಾರ್ಯಕರ್ತೆಯನ್ನು ತಿಂಗಳಿಗೊಮ್ಮೆ ಕರೆದರೆ ಬಿ.ಪಿ., ಶುಗರ್ ಎಲ್ಲಿ, ಯಾವಾಗ ನೋಡಿಸಬೇಕೆಂದು ಅವರೇ ದಾರಿ ತೋರಿಸುತ್ತಾರೆ. ಸೇರಿದಾಗ ಒಂದಿಷ್ಟು ಕಾಲಿನ ವ್ಯಾಯಾಮ: ಕುರ್ಚಿಯ ಬೆನ್ನು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಹತ್ತು ಸಲ. ಸ್ಪರ್ಶ ಹೋದವರು ಬೀಳುವುದು ಹೆಚ್ಚು, ಮೀನಖಂಡ ಗಟ್ಟಿಯಿದ್ದರೆ ಕಡಿಮೆ. ಒಬ್ಬರು ಬರದಿದ್ದರೆ ಇನ್ನೊಬ್ಬರು ಅವರ ಮನೆ ಬಾಗಿಲು ತಟ್ಟುವ ಕಟ್ಟುಪಾಡು ಇರಲಿ. ನನ್ನ ಅನುಭವದಲ್ಲಿ ಇಂಥ ಗುಂಪಿನಿಂದ ಬಂದವರ ಗಾಯ ಚಿಕ್ಕದಿರುವಾಗಲೇ ಸಿಗುತ್ತದೆ.

ಅಮ್ಮನ ನರದ ವಿಚಾರದಲ್ಲೇ ಕೋಲಾರದ ನೀರಿನ ಬಗ್ಗೆಯೂ ಒಂದು ಮಾತು. ಜಿಲ್ಲೆಯ ಬಹಳಷ್ಟು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ವರ್ಷಗಟ್ಟಲೆ ಕುಡಿದರೆ ಬೆನ್ನುಮೂಳೆ ಗಟ್ಟಿಯಾಗಿ ನರವನ್ನು ಅಮುಕಬಹುದು. ಅಮ್ಮನಿಗೆ ಬೆನ್ನು, ಕುತ್ತಿಗೆ ಬಗ್ಗಿಸಲಾಗದಷ್ಟು ಬಿಗಿತವಿದ್ದರೆ ಡಾಕ್ಟರಿಗೆ ಹೇಳಿ. ಕುಡಿಯಲು ಶುದ್ಧೀಕರಿಸಿದ ನೀರನ್ನೇ ತನ್ನಿ.

ನಾನು ದೇವರನ್ನು ನಂಬುವವನಲ್ಲ. ಯೂನಿಯನ್‌ನಲ್ಲಿ ಬೆಳೆದವನು. ಕ್ಯಾನ್ಸರಿಗೆ ಕೀಮೋ ಆದ ಮೇಲೆ ಕೈಕಾಲು ಮರಗಟ್ಟಿವೆ, ಶರ್ಟಿನ ಗುಂಡಿ ಹಾಕಿಕೊಳ್ಳಲಾಗುವುದಿಲ್ಲ. ಎಲ್ಲರೂ ಗುಡಿಗೆ ಹೋಗು, ಚರ್ಚಿಗೆ ಹೋಗು ಎನ್ನುತ್ತಾರೆ. ನನ್ನಂಥವನು ಎಲ್ಲಿಗೆ ಹೋಗಬೇಕು? — ಮಾರಿಕುಪ್ಪಂ

ಗೆಳೆಯರೇ, ಮೊದಲು ಸಮಾಧಾನದ ಸುದ್ದಿ. ಕೀಮೋದಿಂದ ಬಂದ ಜೋಮು ಅನೇಕರಲ್ಲಿ ಔಷಧ ನಿಂತ ಮೇಲೆ ತಿಂಗಳುಗಳಲ್ಲಿ ನಿಧಾನವಾಗಿ ಇಳಿಯುತ್ತದೆ. ಪೂರ್ತಿ ಹೋಗದವರೂ ಇದ್ದಾರೆ. ಉರಿಯಿದ್ದರೆ ಡುಲಾಕ್ಸೆಟಿನ್ ಬಗ್ಗೆ ನಿಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳಿ. ಗುಂಡಿಯ ಜಾಗದಲ್ಲಿ ವೆಲ್ಕ್ರೋ ಹೊಲಿಸಿ. ರಾಗಿ ತುಂಬಿದ ಡಬ್ಬಿಯಲ್ಲಿ ಗೋಲಿ, ಬೀಜ ಮುಚ್ಚಿಟ್ಟು ಕಣ್ಣುಮುಚ್ಚಿ ಹುಡುಕುವುದು ಬೆರಳಿಗೆ ಒಳ್ಳೆಯ ಅಭ್ಯಾಸ. ಮೊಮ್ಮಕ್ಕಳಿದ್ದರೆ ಅವರೂ ಈ ಆಟಕ್ಕೆ ಸೇರುತ್ತಾರೆ. ಒಲೆಯ ಹತ್ತಿರ ಮಾತ್ರ ಎಚ್ಚರ.

ಎಲ್ಲಿಗೆ ಹೋಗಬೇಕು ಎಂದಿರಿ. ಮಾರಿಕುಪ್ಪಂನಲ್ಲಿ ಕೂತು ಈ ಪ್ರಶ್ನೆ ಕೇಳುತ್ತಿದ್ದೀರಲ್ಲ ಎನಿಸಿತು. ತಮಿಳು ಚಿಂತಕ ಅಯೋತಿ ದಾಸ ಪಂಡಿತರು 1898ರಲ್ಲಿ ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದ ಮೇಲೆ ಅದು ಗಟ್ಟಿಯಾಗಿ ಬೇರುಬಿಟ್ಟ ಜಾಗಗಳಲ್ಲಿ ನಿಮ್ಮ ಊರೂ ಒಂದು. ಹಗಲಿಡೀ ಬಂಡೆ ಕೊರೆದ ಜನ ಸಂಜೆ ಸೇರಿ ಓದಿದರು, ವಾದಿಸಿದರು, ಒಬ್ಬರ ಕಷ್ಟಕ್ಕೆ ಒಬ್ಬರಾದರು. ಚಾಂಪಿಯನ್ ರೀಫ್ಸ್‌ನ ಸಿದ್ಧಾರ್ಥ ಪುಸ್ತಕಾಲಯದಿಂದ ಪುಸ್ತಕಗಳನ್ನೂ ಅಚ್ಚು ಹಾಕಿದರು. 1930ರ ಗಣಿ ಮುಷ್ಕರದಲ್ಲಿ ಸಾವಿರಾರು ಕಾರ್ಮಿಕರು ಒಟ್ಟಾಗಿ ನಿಂತದ್ದು ಇದೇ ಮಣ್ಣಿನಲ್ಲಿ. ಜನ ಸೇರುವುದಕ್ಕೆ ನಿಮ್ಮ ಊರು ಯಾವತ್ತೂ ಒಂದೇ ಬಾಗಿಲು ಇಟ್ಟುಕೊಂಡಿರಲಿಲ್ಲ.

ನಂಬಿಕೆಯವರಿಗೆ ವಾರಕ್ಕೊಮ್ಮೆ ಹಾಜರಾಗಲೇಬೇಕಾದ ಜಾಗವೊಂದಿರುತ್ತದೆ. ಹಾಜರಾಗದಿದ್ದರೆ ಯಾಕೆ ಬರಲಿಲ್ಲ ಎಂದು ಯಾರೋ ವಿಚಾರಿಸುತ್ತಾರೆ. ಕಾಯಿಲೆಯವರಿಗೆ ಆ ವಿಚಾರಣೆ ದೊಡ್ಡದು. ನಿಮಗೂ ಅಂಥದ್ದೊಂದು ಜಾಗ ಬೇಕು, ಅಲ್ಲಿ ದೇವರಿರಲೇಬೇಕೆಂದಿಲ್ಲ. ಹಳೆಯ ಯೂನಿಯನ್ ಗೆಳೆಯರಲ್ಲಿ ಈಗ ಎಷ್ಟು ಜನಕ್ಕೆ ಕಾಲು ಜೋಮು, ಎಷ್ಟು ಜನಕ್ಕೆ ಉಬ್ಬಸ, ಯಾರು ಮನೆಯಿಂದ ಹೊರಗೇ ಬರುತ್ತಿಲ್ಲ? ಗಣಿಯಿಂದ ಬರಬೇಕಾದ ಬಾಕಿ ಹಣದ ಲೆಕ್ಕಕ್ಕೆ ಪಟ್ಟಿ ಮಾಡಿ ಅಭ್ಯಾಸವಿರುವವರು ನೀವು. ಈ ಪಟ್ಟಿಯನ್ನೂ ಮಾಡಿ. ಬೆರಳು ಪೆನ್ನು ಹಿಡಿಯದಿದ್ದರೆ ನೀವು ಹೇಳಿ, ಇನ್ನೊಬ್ಬರು ಬರೆದುಕೊಳ್ಳಲಿ. ಪಟ್ಟಿಯಲ್ಲಿರುವ ಮೊದಲ ಮನೆಗೆ ಈ ಭಾನುವಾರ ಸಂಜೆ ಹೋಗಿ. ಅವರು ಚಹಾ ತರುವಷ್ಟರಲ್ಲಿ ನಿಮ್ಮ ಚಪ್ಪಲಿ ಬಿಚ್ಚಿ, ನಿಮ್ಮ ಪಾದವನ್ನೇ ಮೊದಲು ಅವರಿಗೆ ತೋರಿಸಿ.